ನಿಮಗಿದು ಗೊತ್ತೆ? ಸೊನ್ನೆ ಅಂದರೆ ಸೊನ್ನೆಯಲ್ಲ!

ಕಾರಿನ ಟೈರಿಗೆ 32 ಗಾಳಿ ಹಾಕಿಸುತ್ತೇವಲ್ಲ, ಅದು ಪಿಎಸ್‌ಐ ಲೆಕ್ಕ. ಅಂದರೆ ಪ್ರತಿ ಚದರ ಇಂಚಿನ ಮೇಲೆ 32 ಪೌಂಡ್ ಒತ್ತಡ. ಅದನ್ನೇ ಬಾರ್‌ನಲ್ಲಿ ಹೇಳಿದರೆ ಸುಮಾರು 2.2, ಕಿಲೋಪಾಸ್ಕಲ್‌ನಲ್ಲಿ ಸುಮಾರು 220. ಪಿಎಸ್‌ಐಯನ್ನು 6.895ರಿಂದ ಗುಣಿಸಿದರೆ ಕಿಲೋಪಾಸ್ಕಲ್ ಸಿಗುತ್ತದೆ, ಅಷ್ಟೇ.

ಎಡವಟ್ಟಾಗುವುದು ಗುಣಾಕಾರದಲ್ಲಲ್ಲ. ಪಂಕ್ಚರ್ ಆಗಿ ಚಪ್ಪಟೆಯಾದ ಟೈರಿಗೆ ಗೇಜ್ ಹಿಡಿದರೆ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ. ಆದರೆ ಒಳಗೆ ಹೊರಗಿನ ಗಾಳಿಯಷ್ಟೇ ಒತ್ತಡ ಇದ್ದೇ ಇರುತ್ತದೆ: ಸಮುದ್ರ ಮಟ್ಟದಲ್ಲಿ 14.7 ಪಿಎಸ್‌ಐ. ಗೇಜ್ ತೋರಿಸುವುದು ಅದಕ್ಕಿಂತ ಹೆಚ್ಚಾಗಿರುವುದನ್ನು ಮಾತ್ರ. ಹಾಗಾಗಿ 32 ಎಂದು ತೋರಿಸುವ ಟೈರಿನೊಳಗಿನ ನಿಜವಾದ ಒತ್ತಡ ಸುಮಾರು 46.7! ಅನಿಲ ನಿಯಮದ ಸೂತ್ರಕ್ಕೆ ಈ ನಿಜವಾದ ಒತ್ತಡವೇ ಬೇಕು. ಇದನ್ನು ಮರೆತರೆ ಪರೀಕ್ಷೆಯಲ್ಲಿ ಅಂಕ ಹೋದಂತೆಯೇ.

ಪಾಸ್ಕಲ್ ಎಂಬ ಹೆಸರು ಅಂತರರಾಷ್ಟ್ರೀಯ ಮಾನಕ ಪದ್ಧತಿಗೆ ಬಂದದ್ದು 1971ರಲ್ಲಿ. ವೈದ್ಯರು ಮಾತ್ರ 17ನೇ ಶತಮಾನದ ವಿಜ್ಞಾನಿ ಟೊರಿಚೆಲ್ಲಿಯ ಪಾದರಸದ ಕೊಳವೆಯ ಅಳತೆಯನ್ನು ಇನ್ನೂ ಬಿಟ್ಟಿಲ್ಲ. ಬಿಪಿ 120/80 ಎಂದರೆ ಅಷ್ಟು ಮಿಲಿಮೀಟರ್ ಪಾದರಸ, ಕಿಲೋಪಾಸ್ಕಲ್‌ನಲ್ಲಿ 16/10.7. ಅದೂ ಟೈರಿನಂತೆಯೇ, ವಾತಾವರಣದ 760 ಮಿ.ಮೀ. ಬಿಟ್ಟು ಹೇಳುವ ಲೆಕ್ಕ.