ನಗರಕ್ಕೊಂದು ಪಡಸಾಲೆ: ಪಣಜಿಯ ಕಾಂಪಾಲ್ ಮತ್ತು ಕಲಾ ಅಕಾಡೆಮಿ

ಪಣಜಿಯನ್ನು ನೋಡಬಂದವರು ಸಾಮಾನ್ಯವಾಗಿ ಫೊಂತೇನ್ಹಸ್ ಓಣಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹಳದಿ, ನೀಲಿ ಬಣ್ಣದ ಗೋಡೆಗಳು, ಹೆಂಚಿನ ಮಾಡು, ಪೋರ್ಚುಗೀಸರ ಕಾಲದ ಕಿಟಕಿಗಳು. ಪರಂಪರೆಯೆಂದರೆ ಇಷ್ಟೇ ಎಂಬ ಭಾವನೆ ನಮ್ಮಲ್ಲಿಯೂ ಬೇರೂರಿದೆ. ಆದರೆ ಅದೇ ನಗರದ ಪಶ್ಚಿಮ ಭಾಗದಲ್ಲಿ, ನದಿದಂಡೆಯ ಕಾಂಪಾಲ್ ಬಡಾವಣೆಯಲ್ಲಿ, ಚಿರೆಕಲ್ಲು ಮತ್ತು ಕಾಂಕ್ರೀಟಿನ ಇನ್ನೊಂದು ಪರಂಪರೆಯಿದೆ. 1961ರ ವಿಮೋಚನೆಯ ನಂತರದ ಗೋವಾ ತನ್ನ ಜನರಿಗಾಗಿ ಕಟ್ಟಿಕೊಂಡ ಕಲಾ ಅಕಾಡೆಮಿ ಅದು.

ಕದಂಬ ಬಸ್ ನಿಲ್ದಾಣದಿಂದ ಅಲ್ಲಿಗೆ ಮೂರು ಕಿಲೋಮೀಟರಿನಷ್ಟು ದಾರಿ. ಮಿರಾಮಾರ್ ಕಡೆಗೆ ಹೋಗುವ ಬಸ್ಸುಗಳು ಅದರ ಮುಂದೆಯೇ ಸಾಗುತ್ತವೆ. ನಡೆದು ಹೋದರೆ ಮಕ್ಕಳಿಗೆ ಇತಿಹಾಸದ ಪಾಠವೇ ಆದೀತು. ನಿಲ್ದಾಣದ ಹೆಸರಿನಲ್ಲಿ ಕದಂಬರಿದ್ದಾರೆ; ನದಿಯ ಬದಿಯ ಹಳೆಯ ಸಚಿವಾಲಯವು ಮೂಲದಲ್ಲಿ ವಿಜಯಪುರದ ಆದಿಲ್‌ಶಾಹಿಗಳ ಅರಮನೆ. ಪಕ್ಕದಲ್ಲಿ ಹರಿಯುವ ಮಾಂಡೋವಿಯೂ ನಮಗೆ ಅಪರಿಚಿತಳಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಆ ಹೆಸರು ಪಡೆದಿದ್ದಾಳೆ. ಮುಂದೆ ಹಳೆಯ ವೈದ್ಯಕೀಯ ಕಾಲೇಜಿನ ಕಟ್ಟಡವನ್ನೂ ಮರಗಳ ನೆರಳನ್ನೂ ದಾಟಿದರೆ ಅಕಾಡೆಮಿ ಕಾಣಿಸುತ್ತದೆ.

ಇದನ್ನು ರೂಪಿಸಿದವರು ಚಾರ್ಲ್ಸ್ ಕೊರಿಯಾ. ಗೋವಾ ಮೂಲದ ಕುಟುಂಬದ ಅವರು 1930ರಲ್ಲಿ ಸಿಕಂದರಾಬಾದಿನಲ್ಲಿ ಜನಿಸಿದರು. ಅಹಮದಾಬಾದಿನ ಸಾಬರಮತಿ ಆಶ್ರಮದ ಗಾಂಧಿ ಸಂಗ್ರಹಾಲಯ, ಭೋಪಾಲದ ಭಾರತ ಭವನ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅವರ ಇತರ ಕೃತಿಗಳು. ಕಲಾ ಅಕಾಡೆಮಿಯ ವಿನ್ಯಾಸ ಮತ್ತು ನಿರ್ಮಾಣ 1973ರಿಂದ 1983ರವರೆಗೆ ನಡೆಯಿತು.

ಆಧುನಿಕ ವಾಸ್ತುಶಿಲ್ಪವೆಂದೊಡನೆ ಗಾಜಿನ ಗೋಪುರಗಳು ನೆನಪಾಗುವುದು ಸಹಜ. ಈ ಕಟ್ಟಡವಾದರೋ ಎತ್ತರಕ್ಕೆ ಆಸೆಪಡದೆ, ನದಿಯ ಗುಂಟ ತಗ್ಗಾಗಿ ಹರಡಿಕೊಂಡಿದೆ. ಗೋಡೆಗೆ ಈ ನೆಲದ್ದೇ ಕೆಂಪು ಕಲ್ಲು; ಮೇಲೆ ನೆರಳು ನೀಡುವ ಕಾಂಕ್ರೀಟಿನ ಹಂದರ. ಮಹಾದ್ವಾರವೆಂಬುದು ಇಲ್ಲ. ರಸ್ತೆಯಿಂದ ಒಳಬಂದವರು ಅರಿವಿಲ್ಲದೆಯೇ ಕಟ್ಟಡದೊಳಗಿದ್ದು, ಅದರ ನೆರಳಿನಲ್ಲಿಯೇ ನಡೆಯುತ್ತ ನದಿಯ ಕಡೆಗೆ ಸಾಗುವಂತೆ ಅದನ್ನು ಕಲ್ಪಿಸಲಾಗಿದೆ. ಊರ ಮನೆಯ ಕಟ್ಟೆ ಮತ್ತು ಪಡಸಾಲೆಯನ್ನು ಬಲ್ಲ ನಮ್ಮವರಿಗೆ ಈ ವಿಚಾರ ಬೇಗ ತಿಳಿಯುತ್ತದೆ. ಬಂದವನು ಯಾರೆಂದು ಕೇಳುವ ಮೊದಲು ಕೂರಲು ಜಾಗ ಕೊಡುವುದು ಪಡಸಾಲೆಯ ಧರ್ಮ.

ಒಳಗಿನ ಮುಖ್ಯ ರಂಗಮಂದಿರಕ್ಕೆ ಗೋವಾದ ಮಂಗೇಶಿಯಲ್ಲಿ ಜನಿಸಿದ ಗಾಯಕ, ನಟ ದೀನಾನಾಥ ಮಂಗೇಶ್ಕರರ ಹೆಸರಿದೆ. ಅದರ ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಹಳೆಯ ನಾಟಕಶಾಲೆಯ ಉಪ್ಪರಿಗೆಗಳನ್ನೂ ಅಲ್ಲಿ ಕುಳಿತ ಪ್ರೇಕ್ಷಕರನ್ನೂ ಚಿತ್ರಿಸಿದರು. ಆಸನಗಳು ಖಾಲಿಯಿದ್ದಾಗಲೂ ನಟನ ಎದುರು ಜನರಿರುವಂತೆ ತೋರುವುದು ಅದರ ಚಮತ್ಕಾರ.

ಇಂಥ ಕಟ್ಟಡದ ಆಯುಷ್ಯವೇ ಇತ್ತೀಚೆಗೆ ಪ್ರಶ್ನೆಯಾಯಿತು. 2019ರಲ್ಲಿ ಇದನ್ನು ಕೆಡವುವ ಮಾತು ಕೇಳಿಬಂದಾಗ ಕಲಾವಿದರೂ ವಾಸ್ತುಶಿಲ್ಪಿಗಳೂ ಪ್ರತಿಭಟಿಸಿದರು. ಕೊನೆಗೆ ದುರಸ್ತಿಯ ದಾರಿ ಹಿಡಿಯಲಾಯಿತು. ಆ ಕೆಲಸ ನಡೆದಿರುವಾಗಲೇ, 2023ರ ಜುಲೈನಲ್ಲಿ, ಬಯಲು ರಂಗಮಂದಿರದ ವೇದಿಕೆಯ ಮೇಲಿನ ಛಾವಣಿ ಕುಸಿಯಿತು. ಅದೇ ವರ್ಷದ ನವೆಂಬರಿನಲ್ಲಿ ಅಕಾಡೆಮಿ ಮತ್ತೆ ತೆರೆಯಿತು.

ಕಾಂಕ್ರೀಟಿಗೆ ಮುಪ್ಪಿಲ್ಲವೆಂಬುದು ತಪ್ಪು ತಿಳಿವಳಿಕೆ. ಕಡಲ ಗಾಳಿಯ ಉಪ್ಪು ಮತ್ತು ಮಳೆಯ ತೇವ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಸರಳು ಉಬ್ಬಿ ಮೇಲಿನ ಪದರವನ್ನು ಸಿಡಿಸುತ್ತದೆ. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ ಬಲ್ಲ ಮನೆಗಳಲ್ಲಿ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಾಲಕಾಲಕ್ಕೆ ಆರೈಕೆ ಸಿಗದ ಕಟ್ಟಡವನ್ನು ಕೊನೆಗೆ ಹಳತೆಂದು ದೂರುವುದು ನ್ಯಾಯವಲ್ಲ. ಪೋರ್ಚುಗೀಸ್ ಮನೆಗೆ ತೋರುವ ಮಮತೆಯ ಒಂದು ಪಾಲು ಐವತ್ತು ವರ್ಷದ ಸಾರ್ವಜನಿಕ ಕಟ್ಟಡಕ್ಕೂ ಸಲ್ಲಬೇಕು.

ಉತ್ತರ ಕರ್ನಾಟಕದಿಂದ ಬಂದ ಅನೇಕ ಕುಟುಂಬಗಳು ಗೋವಾದಲ್ಲಿ ಕಲ್ಲು ಹೊತ್ತು, ಕಾಂಕ್ರೀಟು ಸುರಿದು ಬದುಕು ಕಟ್ಟಿಕೊಂಡಿವೆ. ಆ ಮನೆಗಳ ಮಕ್ಕಳು ನಗರದ ದೊಡ್ಡ ಕಟ್ಟಡಗಳನ್ನು ಹೊರಗಿನಿಂದ ನೋಡುವುದೇ ಹೆಚ್ಚು. ರಜೆಯ ದಿನ ಅವರನ್ನು ಕಾಂಪಾಲಿಗೆ ಕರೆದೊಯ್ಯಿರಿ. ಕಲ್ಲಿನ ಸಾಲು ಹೇಗೆ ಕೂಡಿದೆ, ನೆರಳು ಎಲ್ಲಿ ಬೀಳುತ್ತದೆ, ನದಿಯ ಗಾಳಿ ಯಾವ ಕಡೆಯಿಂದ ಒಳಬರುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ಕಟ್ಟುವ ಕೆಲಸವೂ ಒಂದು ವಿದ್ಯೆ, ಅದರ ಫಲದಲ್ಲಿ ತಮಗೂ ಪಾಲಿದೆ ಎಂಬ ಅರಿವು ಅಲ್ಲಿಂದ ಅವರಿಗೆ ದೊರೆಯಲಿ.