‘ಕೊಕೊ ವ ದೊಕೊ ದೆಸು ಕಾ?’

ಟೋಕಿಯೊದ ಶಿಬುಯಾ ರೈಲು ನಿಲ್ದಾಣದ ಹೊರಗೆ ನಾಯಿಯೊಂದರ ಕಂಚಿನ ಪ್ರತಿಮೆ ಇದೆ. ತೀರಿಹೋದ ಯಜಮಾನನಿಗಾಗಿ ವರ್ಷಗಟ್ಟಲೆ ಅದೇ ನಿಲ್ದಾಣದಲ್ಲಿ ಕಾದು, 1935ರಲ್ಲಿ ಕಣ್ಣು ಮುಚ್ಚಿದ ಹಚಿಕೋ ಅದು. ಇಂದಿಗೂ ಟೋಕಿಯೊದ ಜನ ಗೆಳೆಯರಿಗಾಗಿ ಕಾಯುವುದು ಅದರ ಮುಂದೆಯೇ. ಅಲ್ಲಿ ನಿಂತು ಅವರು ಫೋನಿನಲ್ಲಿ ಹೇಳುವ ಮಾತು: ‘ಹಚಿಕೋ ನೋ ಮಯೆ ನಿ ಇಮಸು.’

ಈ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಬೇಕಾದರೆ ಪದಗಳನ್ನೆಲ್ಲ ಹಿಂದುಮುಂದು ಮಾಡಬೇಕು. ಕನ್ನಡಕ್ಕೆ ಆ ತೊಂದರೆಯೇ ಇಲ್ಲ. ‘ಹಚಿಕೋ ನೋ’ ಎಂದರೆ ಹಚಿಕೋನ, ‘ಮಯೆ’ ಎಂದರೆ ಮುಂಭಾಗ, ‘ನಿ’ ಎಂಬುದು ನಮ್ಮ ‘ಅಲ್ಲಿ’ ಪ್ರತ್ಯಯ, ‘ಇಮಸು’ ಎಂದರೆ ಇದ್ದೇನೆ. ಹಚಿಕೋನ ಮುಂಭಾಗದಲ್ಲಿ ಇದ್ದೇನೆ! ನಿಲ್ದಾಣಕ್ಕೆ ಅವರ ಮಾತು ‘ಎಕಿ’. ‘ಎಕಿ ನಿ ಇಮಸು’ ಎಂದರೆ ನಿಲ್ದಾಣದಲ್ಲಿದ್ದೇನೆ. ಹಿಂದೆ ಎನ್ನಲು ‘ಉಶಿರೋ’, ಪಕ್ಕ ಎನ್ನಲು ‘ತೊನಾರಿ’, ಒಳಗೆ ಎನ್ನಲು ‘ನಾಕಾ’ ಸೇರಿಸಿಕೊಂಡರಾಯಿತು. ‘ಇಮಸು’ವಿನ ಕೊನೆಯ ಉಕಾರ ಕಿವಿಗೆ ಬೀಳುವುದು ಕಡಿಮೆ, ‘ಇಮಸ್’ ಎಂದೇ ಕೇಳಿಸುತ್ತದೆ.

ಎಡವುವ ಜಾಗ ಬೇರೆ ಇದೆ. ಜಪಾನಿ ಭಾಷೆಯಲ್ಲಿ ‘ಇರು’ ಎಂಬುದಕ್ಕೆ ಎರಡು ಕ್ರಿಯಾಪದಗಳು. ಮನುಷ್ಯ, ನಾಯಿ, ಹಕ್ಕಿಗಳಿಗೆ ‘ಇಮಸು’. ಮೇಜು, ಕಟ್ಟಡ, ಬೆಟ್ಟಗಳಿಗೆ ‘ಅರಿಮಸು’. ಹಾಗಾದರೆ ಮರ? ಜೀವಶಾಸ್ತ್ರದ ಪಾಠದಲ್ಲಿ ಮರ ಸಜೀವಿ, ಆದರೆ ಜಪಾನಿ ವ್ಯಾಕರಣದಲ್ಲಿ ಅದಕ್ಕೆ ‘ಅರಿಮಸು’ವೇ ಗತಿ. ತಾನಾಗಿ ಚಲಿಸಬಲ್ಲದ್ದೇ ಎಂಬುದು ಇಲ್ಲಿನ ಲೆಕ್ಕ. ಕೊಳದಲ್ಲಿ ಈಜುವ ಮೀನಿಗೆ ‘ಇಮಸು’, ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸತ್ತ ಮೀನಿಗೆ ‘ಅರಿಮಸು’. ಅವಸರದಲ್ಲಿ ‘ಎಕಿ ನಿ ಅರಿಮಸು’ ಎಂದುಬಿಟ್ಟರೆ, ಹೇಳಿದವರು ನಿಲ್ದಾಣದಲ್ಲಿ ಬಿಟ್ಟುಹೋದ ಚೀಲವಾಗಿಬಿಡುತ್ತಾರೆ.

ಇನ್ನು ಇಲ್ಲಿ, ಅಲ್ಲಿಗಳ ವಿಷಯ. ಮಾತನಾಡುವವರ ಬಳಿ ‘ಕೊಕೊ’, ಕೇಳುವವರ ಬಳಿ ‘ಸೊಕೊ’, ಇಬ್ಬರಿಗೂ ದೂರವಾದುದು ‘ಅಸೊಕೊ’. ಎಲ್ಲಿ ಎಂಬ ಪ್ರಶ್ನೆಗೆ ‘ದೊಕೊ’. ಹಳಗನ್ನಡದಲ್ಲೂ ಇದು, ಅದುಗಳ ನಡುವೆ ‘ಉದು’ ಎಂಬ ಮೂರನೆಯದು ಇತ್ತು. ನಾವು ಅದನ್ನು ಕಳೆದುಕೊಂಡಿದ್ದೇವೆ. ದಾರಿ ತಪ್ಪಿದ ಜಪಾನೀಯ ‘ನಾನೆಲ್ಲಿದ್ದೇನೆ’ ಎಂದು ಕೇಳುವುದಿಲ್ಲ. ‘ಕೊಕೊ ವ ದೊಕೊ ದೆಸು ಕಾ’, ಅಂದರೆ ‘ಇದು ಯಾವ ಜಾಗ’ ಎನ್ನುತ್ತಾನೆ. ಕೊನೆಯ ‘ಕಾ’ ನಮ್ಮ ‘ಇದೆಯಾ’, ‘ಬಂದೆಯಾ’ಗಳ ಆ-ಕಾರದಂತೆ ಪ್ರಶ್ನೆಯ ಗುರುತು.

ವ್ಯಾಕರಣ ಇಷ್ಟು ಸುಲಭವಾದರೂ ಜಾಗದ ಹೆಸರು ಹೇಳುವುದು ಸುಲಭವಲ್ಲ. ಜಪಾನಿನ ಬಹುತೇಕ ಬೀದಿಗಳಿಗೆ ಹೆಸರಿಲ್ಲ. ಸಂಖ್ಯೆ ಇರುವುದು ಬೀದಿಗಳ ನಡುವಿನ ತುಂಡುಗಳಿಗೆ. ವಿಳಾಸ ಮೊದಲು ಪ್ರಾಂತ್ಯ, ಆಮೇಲೆ ನಗರ, ಬಡಾವಣೆ, ಅದರ ವಿಭಾಗವಾದ ‘ಚೋಮೆ’, ತುಂಡು, ಕಡೆಗೆ ಮನೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಹಿಂದಿನ ಕ್ರಮದಲ್ಲಿ ಅಕ್ಕಪಕ್ಕದ ಮನೆಗಳ ಸಂಖ್ಯೆಗಳಿಗೆ ಸಂಬಂಧವೇ ಇರದ ಉದಾಹರಣೆಗಳು ಎಷ್ಟೋ. 1962ರ ಕಾನೂನಿನ ನಂತರ ಅನೇಕ ನಗರಗಳಲ್ಲಿ ಇದು ಸರಿಹೋಯಿತು. ಹಳೆಯ ಕ್ಯೋಟೊ ಮಾತ್ರ ಬೇರೆ. ಅಲ್ಲಿ ಬೀದಿಗಳಿಗೆ ಹೆಸರುಂಟು, ಉತ್ತರಕ್ಕೆ ಹೋಗುವುದನ್ನು ‘ಹತ್ತುವುದು’, ದಕ್ಷಿಣಕ್ಕೆ ಹೋಗುವುದನ್ನು ‘ಇಳಿಯುವುದು’ ಎನ್ನುತ್ತಾರೆ.

ಹೀಗಾಗಿ ಎದ್ದು ಕಾಣುವ ಗುರುತನ್ನು ಹೇಳುವುದೇ ಜಾಣತನ. ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಅಲ್ಲಿ ‘ಎಕಿ ನಿ ಇಮಸು’ ಎಂದರೆ ಏನೂ ಹೇಳಿದಂತಲ್ಲ. ‘ಹಿಗಾಶಿ-ಗುಚಿ’ ಪೂರ್ವದ್ವಾರ, ‘ನಿಶಿ-ಗುಚಿ’ ಪಶ್ಚಿಮದ್ವಾರ ಎಂದು ಬಿಡಿಸಿ ಹೇಳಬೇಕು. ಓದಲೆಂದು ಅಲ್ಲಿಗೆ ಹೊರಟ ಮಕ್ಕಳಿಗೆ ತಂದೆತಾಯಿ ಮೊದಲು ಬಾಯಿಪಾಠ ಮಾಡಿಸಬೇಕಾದದ್ದು ಮನೆ ಹತ್ತಿರದ ನಿಲ್ದಾಣ, ಅದರ ದ್ವಾರ ಮತ್ತು ಪೂರ್ಣ ವಿಳಾಸ. ಮೊಬೈಲಿನ ನಕ್ಷೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ. ಅದು ಕೈಕೊಟ್ಟರೆ ‘ಕೋಬನ್’ ಎಂಬ ಪುಟ್ಟ ಪೊಲೀಸ್ ಠಾಣೆಗಳಿವೆ. ದಾರಿ ತೋರಿಸುವುದು ಅಲ್ಲಿನವರ ನಿತ್ಯದ ಕೆಲಸ.

ಅಪಘಾತ, ಅನಾರೋಗ್ಯವಾದರೆ 119ಕ್ಕೆ ಕರೆ ಮಾಡಬೇಕು. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಕಾಜಿ ದೆಸು ಕಾ, ಕ್ಯೂಕ್ಯೂ ದೆಸು ಕಾ’ – ಬೆಂಕಿಯೋ, ಆಂಬುಲೆನ್ಸೋ? ಅದರ ಬೆನ್ನಿಗೇ ಜಾಗ ಎಲ್ಲಿ ಎಂದು ಕೇಳುತ್ತಾರೆ. ಆಗ ಸುತ್ತ ನೋಡಬೇಕಾದದ್ದು ಬೀದಿಬದಿಯ ತಂಪುಪಾನೀಯ ಯಂತ್ರವನ್ನು, ಇಲ್ಲವೇ ಕಂಬವನ್ನು. ಅವುಗಳ ಮೇಲೆ ಆ ಜಾಗದ ವಿಳಾಸದ ಚೀಟಿಯೋ ಫಲಕವೋ ಅಂಟಿರುವುದುಂಟು. ಬಡಾವಣೆಯ ಹೆಸರಿನ ಚಿತ್ರಲಿಪಿ ಬಾರದಿದ್ದರೆ ಹತ್ತಿರದ ನಿಲ್ದಾಣದ ಹೆಸರು ಹೇಳಿ, ಅಂಕಿಗಳನ್ನು ಓದಿದರೂ ಸಾಕಷ್ಟು ಸಹಾಯವಾಗುತ್ತದೆ. 3-12-5 ಎಂದಿದ್ದರೆ ‘ಸಾನ್ ನೋ ಜೂನಿ ನೋ ಗೋ’. ನಡುವಿನ ಅಡ್ಡಗೆರೆಯನ್ನು ಓದುವುದು ಹಚಿಕೋನ ಮುಂದೆ ಕೇಳಿದ ಅದೇ ‘ನೋ’ದಿಂದ: ಮೂರರ, ಹನ್ನೆರಡರ, ಐದು.