ಗ್ಲೈಡರ್‌ಗೆ ಘಟ್ಟಕ್ಕಿಂತ ಬಯಲೇ ವಾಸಿ

ಸಕಲೇಶಪುರದ ಬೆಟ್ಟಸಾಲು ಕಂಡವರಿಗೆ ಇದು ಗ್ಲೈಡರ್ ಪಂದ್ಯಕ್ಕೆ ಹೇಳಿ ಮಾಡಿಸಿದ ಜಾಗ ಅನಿಸೀತು. ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಎಂಜಿನ್ ಇಲ್ಲದ ವಿಮಾನವೂ ಅದರ ಜೊತೆ ಏರಬಹುದಲ್ಲ? ಏರಬಹುದು. ಆದರೆ ಆ ಗಾಳಿ ಜೋರಾಗುವ ಜೂನ್, ಜುಲೈಯಲ್ಲಿ ಬಿಸಿಲೆ, ಶಿರಾಡಿಯ ನೆತ್ತಿ ಮೋಡದೊಳಗಿರುತ್ತದೆ. ಕಾಣದ ಗುಡ್ಡದ ಪಕ್ಕ ಹಾರುವುದು ಸಾವಿನ ಜೊತೆ ಸರಸ. ನನ್ನ ಮತ ಬಯಲು ಕಡೆಯ ಆಲೂರಿಗೆ, ಅದೂ ಮಾರ್ಚ್‌ಗೆ. ಕೊಯ್ಲಾದ ಒಣ ನೆಲ ಕಾಫಿ ತೋಟದ ನೆರಳಿಗಿಂತ ಬೇಗ ಕಾದು, ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ರೆಕ್ಕೆ ಬಡಿಯದೆ ಸುತ್ತುವ ಹದ್ದೇ ಅದರ ಗುರುತು. ಪೈಲಟ್ ಕೂಡ ಹಾಗೇ ಸುತ್ತಿ ಎತ್ತರ ಗಳಿಸಬೇಕು. ಒಳ್ಳೆಯ ಗ್ಲೈಡರ್ ನಿಂತ ಗಾಳಿಯಲ್ಲಿ 1 ಕಿ.ಮೀ. ಇಳಿಯುವಷ್ಟರಲ್ಲಿ 40 ಕಿ.ಮೀ. ಸಾಗುತ್ತದೆ, ಹೆಚ್ಚುಕಡಿಮೆ ಸಕಲೇಶಪುರದಿಂದ ಹಾಸನಕ್ಕೆ. ಗಾಳಿ ಕೈಕೊಟ್ಟರೆ ಸಿಕ್ಕ ಹೊಲದಲ್ಲೇ ಇಳಿಯಬೇಕು. ಬದುಗಳಿರುವ ಗದ್ದೆಯೂ ಸಲೀಸಲ್ಲ ನಿಜ, ಆದರೂ ಸಿಲ್ವರ್ ಓಕ್ ನಿಂತ ತೋಟಕ್ಕಿಂತ ಎಷ್ಟೋ ಮೇಲು.